ಹಿಂದಿನ ಕೋಣೆಯ ನೆಲ ಒಣಗುವವರೆಗೆ

ಟಾರ್ಚನ್ನು ಕಾಂಕ್ರೀಟ್ ನೆಲದ ಮೇಲೆ ಮಲಗಿಸಿ ಹೊತ್ತಿಸಿದರೆ, ನಿಂತು ನೋಡುವಾಗ ಕಾಣದ ಉಬ್ಬುತಗ್ಗುಗಳೆಲ್ಲ ಉದ್ದುದ್ದ ನೆರಳು ಚೆಲ್ಲುತ್ತವೆ. ಇದನ್ನು ನನಗೆ ಫೋನಿನಲ್ಲಿ ಹೇಳಿಕೊಟ್ಟವರು ಮೈಸೂರಿನ ಇಂಜಿನಿಯರ್. ಕಿಟಕಿಗಳಿಗೆ ಗೋಣಿಚೀಲ ಇಳಿಬಿಟ್ಟು ಕೋಣೆಯನ್ನು ಕತ್ತಲು ಮಾಡಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ ಮೂಲೆಯಿಂದ ಮೂಲೆಗೆ ಆ ಬೆಳಕನ್ನು ಸರಿಸುತ್ತ ಹೋದೆ. ಒಂದು ಕಡೆ ನಾಯಿಯ ಹೆಜ್ಜೆ. ಇನ್ನೊಂದು ಕಡೆ ಯಾರೋ ಸನಿಕೆ ಊರಿದ ಗುರುತು. ಬಾಗಿಲ ಬಳಿ ಹೊಗೆಸೊಪ್ಪು ಪೋಣಿಸುವ ದಾರದ ತುಂಡೊಂದು ಕಾಂಕ್ರೀಟಿನಲ್ಲಿ ಹೂತು, ತುದಿ ಮಾತ್ರ ಇಣುಕುತ್ತಿತ್ತು. ಉಬ್ಬು ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏನವ್ವಾ, ಮಂಡಿ ಊರ್ಕಂಡು ನೆಲಕ್ಕೂ ಪೂಜೆ ಮಾಡೀಯಾ? ನಮ್ ಕಾಲ್ದಲ್ಲಿ ಸಗಣಿ ಸಾರ್ಸುದ್ರೆ ಆಗೋದು. ನೀವು ನೆಲಕ್ಕೂ ಸ್ವೆಟ್ರು ತೊಡುಸ್ತೀರಿ ಕಣವ್ವ."

ಸ್ವೆಟರ್ ಎಂದದ್ದು ತಮಾಷೆಗಾದರೂ ಮಾತು ಸರಿಯಾಗಿಯೇ ಇತ್ತು. ಹನಗೋಡಿನ ಹತ್ತಿರ, ನಮ್ಮದೇ ಜಮೀನಿನ ಅಂಚಿನಲ್ಲಿ, ಯಾರಿಗೂ ಗುತ್ತಿಗೆ ಕೊಡದೆ ನಾವೇ ನಿಂತು ಕಟ್ಟಿಸುತ್ತಿದ್ದ ಮನೆ ಅದು. ಮುಂದೆ ಯಜಮಾನರ ಹೊಗೆಸೊಪ್ಪಿನ ಹೊಲ, ಹಿಂದೆ ನಾಲೆ ನೀರಿನ ಗದ್ದೆ. ನಮ್ಮ ಮಗಳಿಗೆ ಹುಟ್ಟಿನಿಂದಲೇ ಕಾಲುಗಳಲ್ಲಿ ಬಿಗಿತವಿದೆ, ನಡೆಯುವುದಿಲ್ಲ. ಕೈಯೂರಿ, ಸೊಂಟ ಜರುಗಿಸಿಕೊಂಡು ಮನೆಯಿಡೀ ಓಡಾಡುತ್ತಾಳೆ. ನೆಲ ತಣ್ಣಗಿದ್ದರೆ ಕಾಲು ಇನ್ನಷ್ಟು ಬಿಗಿಯುತ್ತದೆ. ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಮೊದಲ ದಿನವೇ ಹೇಳಿದ್ದರು, "ಬೇರೆ ಮಕ್ಕಳಿಗೆ ಹಾಸಿಗೆ ಬೆಚ್ಚಗಿದ್ದರೆ ಸಾಕು, ಇವಳಿಗೆ ನೆಲವೇ ಬೆಚ್ಚಗಿರಬೇಕು." ಅದಕ್ಕಾಗಿ ಹೊಸ ಮನೆಯಲ್ಲಿ ಕಾಂಕ್ರೀಟಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತಂಪು ತಡೆಯುವ ಗಟ್ಟಿ ಫೋಮಿನ ಹಲಗೆ, ಮೇಲೊಂದು ಪದರ ಕಾಂಕ್ರೀಟ್, ಆಮೇಲೆ ಟೈಲ್ಸ್ ಎಂದು ತೀರ್ಮಾನವಾಗಿತ್ತು. ಹಿಂದಿನ ಕೋಣೆ ಮಗಳದು. ಅಲ್ಲಿಂದಲೇ ಶುರು.

"ಅಡಿಯ ಕಾಂಕ್ರೀಟ್ ಮಟ್ಟವಾಗಿರಬೇಕು, ಧೂಳಿರಬಾರದು, ಚೂಪು ಇರಬಾರದು, ಮುಖ್ಯವಾಗಿ ಒಣಗಿರಬೇಕು," ಎಂದಿದ್ದರು ಇಂಜಿನಿಯರ್. "ಹಲಗೆ ಮುಚ್ಚಿದ ಮೇಲೆ ಅಡಿಯಲ್ಲಿ ಏನಿದೆಯೋ ಅದು ಹಾಗೇ ಉಳಿಯುತ್ತೆ ಮೇಡಂ. ಮತ್ತೆ ನೋಡೋಕಾಗಲ್ಲ."

ಈ ಮಾತು ಕೇಳಿದ ದಿನದಿಂದ ನಾನು ದಿನಕ್ಕೆರಡು ಸಲ ಆ ನೆಲ ನೋಡಿ ಬರುತ್ತಿದ್ದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಾವು ಹಾಕಿದ ಕಸೂತಿಯನ್ನು ತಿರುಗಿಸಿ ಹಿಂಭಾಗ ನೋಡಿ ಅಂಕ ಕೊಡುತ್ತಿದ್ದರು. ಕಸೂತಿಯನ್ನಾದರೆ ಬಿಚ್ಚಿ ಹಾಕಬಹುದು. ನೆಲವನ್ನು?

ಹುಣಸೂರಿನಿಂದ ಬರುತ್ತಿದ್ದ ಮೇಸ್ತ್ರಿ ನನ್ನ ಸುತ್ತುಗಳನ್ನು ನೋಡಿ ತಲೆಯ ಟೋಪಿ ಸರಿಮಾಡಿಕೊಂಡರು. "ಏನಕ್ಕಾ ಇದು, ಚಂದ್ರನ್ ಮ್ಯಾಪ್ ಬರ್ದಂಗದೆ! ಇಷ್ಟೂ ಸವೆಸ್ಬೇಕಾ?"

"ಹಲಗೆ ಅಲ್ಲಾಡಬಾರದಂತೆ ಮೇಸ್ತ್ರಿ."

"ಫಿಕರ್ ಮಾಡ್ಬೇಡಿ. ಸವೆಸ್ತೀನಿ."

ಸವೆಸುವ ಯಂತ್ರದ ಕಿರುಚಾಟಕ್ಕೆ ಹಿಂದಿನ ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಉಬ್ಬು ಹೋದ ಮೇಲೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ನೆಲಕ್ಕಿಟ್ಟು, ಅದರಡಿ ಎಲ್ಲಿ ಬೆಳಕು ಇಣುಕುತ್ತದೆಂದು ನೋಡಿ, ತಗ್ಗಿದ್ದಲ್ಲಿ ತುಂಬಿದರು. ನಾನು ಅಂಗೈಯಿಂದ ನೆಲ ಸವರಿದೆ. ಕೈ ಬೆಳ್ಳಗಾಯಿತು. ಮೇಲೆ ತೇಲಿ ಒಣಗಿದ ಸಿಮೆಂಟಿನ ಕೆನೆ ಅದು. ಉಜ್ಜಿ ತೆಗೆಯದಿದ್ದರೆ ಪುಡಿಯಾಗುತ್ತಲೇ ಇರುತ್ತದೆ. ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಸವರಿ ನೋಡಿದೆವು. ಕೋಲಿನಿಂದ ನೆಲವನ್ನು ಕುಟ್ಟುತ್ತ ಹೋದರೆ, ಒಳಗೆ ಟೊಳ್ಳಿಲ್ಲದಿದ್ದರೆ, ಒಂದೇ ಸದ್ದು ಬರಬೇಕು. ಗದ್ದೆ ಕಡೆಯ ಗೋಡೆಯ ಬುಡದಲ್ಲಿ ಸದ್ದೇನೋ ಸರಿಯಾಗಿತ್ತು. ಆದರೆ ಅಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತು. ಬಿರುಕಿನ ಎರಡೂ ಬದಿಯ ಬಣ್ಣ ಉಳಿದ ನೆಲಕ್ಕಿಂತ ಸ್ವಲ್ಪ ಕಪ್ಪು. ಅದಕ್ಕೂ ಸೀಮೆಸುಣ್ಣದ ಸುತ್ತು ಹಾಕಿದೆ.

ಕೊನೆಯದಾಗಿ ಒಣಗಿದೆಯೇ ಎಂಬ ಪರೀಕ್ಷೆ. ತೆಳು ಪ್ಲಾಸ್ಟಿಕ್ ಹಾಳೆಯ ಚೌಕವನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಒಂದು ದಿನ ಬಿಟ್ಟು ತೆಗೆದು ನೋಡುವುದು. ನಡುಮನೆಯಲ್ಲೊಂದು, ಮಗಳ ಕೋಣೆಯಲ್ಲೊಂದು ಅಂಟಿಸಿದೆವು.

ನಡುಮನೆಯದು ಒಣಗಿತ್ತು. ಮಗಳ ಕೋಣೆಯದನ್ನು ಸುಲಿದರೆ ಹಾಳೆಯ ಒಳಮೈಗೆ ಸಣ್ಣ ಸಣ್ಣ ಹನಿಗಳು. ಹಾಳೆಯಿದ್ದ ಜಾಗದಲ್ಲಿ ನೆಲ ಕಪ್ಪಾಗಿ, ಅಂಚು ಕತ್ತರಿಸಿದಂತೆ ಚೌಕವಾಗಿ ಮೂಡಿತ್ತು. ಹಾಳೆ ಬಾಗಿಸಿದಾಗ ಹನಿಗಳು ಕೂಡಿ ನನ್ನ ಮಣಿಕಟ್ಟಿನ ಮೇಲೆ ಇಳಿದವು. ತಣ್ಣಗಿದ್ದವು. ಮಗಳು ಕೂರುವ ಜಾಗ ಅದೇ ಎಂದು ನಾನು ಆಗಲೇ ಗೊತ್ತುಮಾಡಿಕೊಂಡಿದ್ದೆ.

"ಇದು ನಾವೇ ಕುಡಿಸಿರೋ ನೀರು ಕಣೆ," ಎಂದರು ಯಜಮಾನರು. ಕಾಂಕ್ರೀಟ್ ಹಾಕಿದ ಮೇಲೆ ಸುತ್ತ ಮಣ್ಣಿನ ಬದು ಕಟ್ಟಿ, ಗದ್ದೆಯ ಹಾಗೆ ನೀರು ನಿಲ್ಲಿಸಿದ್ದೆವು. ಗಟ್ಟಿಯಾಗಲಿ ಎಂದು ಬೇಕಾದ್ದಕ್ಕಿಂತ ಹೆಚ್ಚು ಕಾಲ ನಿಲ್ಲಿಸಿದ್ದೂ ನಿಜ. "ಕುಡ್ದದ್ದು ಬುಡ್ಲೇಬೇಕಲ್ಲ. ಒಣಗ್ತದೆ ಬುಡು."

ಬಿಡಲು ಅದಕ್ಕೆ ಸಮಯ ಬೇಕಿತ್ತು. ನಮಗೆ ಸಮಯವಿರಲಿಲ್ಲ. ಗೃಹಪ್ರವೇಶಕ್ಕೆ ಕಾರ್ತೀಕದಲ್ಲಿ ಮುಹೂರ್ತ ಇಟ್ಟಾಗಿತ್ತು. ಅದು ತಪ್ಪಿದರೆ ಧನುರ್ಮಾಸ. ಒಳ್ಳೆಯ ಕೆಲಸವೇನೂ ನಡೆಯುವುದಿಲ್ಲ. ಅಷ್ಟರಲ್ಲಿ ಮಾಗಿ ಚಳಿ ಪೂರ್ತಿ ಇಳಿದಿರುತ್ತದೆ. ಹಳೆಯ ಮನೆಯ ಸಿಮೆಂಟು ನೆಲ ಮಾಗಿಯಲ್ಲಿ ಹೇಗಿರುತ್ತದೆಂದು ಮಗಳ ಕಾಲುಗಳಿಗೆ ಗೊತ್ತು.

ಆಗ ಯಜಮಾನರಿಗೆ ಬ್ಯಾರನ್ ಹೊಳೆಯಿತು. ನಮ್ಮ ಕಡೆ ಹೊಗೆಸೊಪ್ಪನ್ನು ಹದ ಮಾಡುವುದು ಬ್ಯಾರನ್ನಿನಲ್ಲಿ. ಕಿಟಕಿಯಿಲ್ಲದ ಎತ್ತರದ ಕೋಣೆ. ಒಲೆಯ ಬಾಯಿ ಹೊರಗೆ, ಬಿಸಿ ಮಾತ್ರ ತಗಡಿನ ಕೊಳವೆಯಲ್ಲಿ ಒಳಗೆ ಸುತ್ತುತ್ತದೆ. ಸೊಪ್ಪಿನ ನೀರನ್ನು ಹದವಾಗಿ ಎಳೆಯುವ ವಿದ್ಯೆ ಇಲ್ಲಿ ಮನೆಮನೆಗೂ ಗೊತ್ತು. ಆ ವರ್ಷದ ಸೊಪ್ಪು ಬೆಂದು ಮುಗಿದಿತ್ತು.

"ಸೊಪ್ಪಿನ್ ನೀರು ತೆಗ್ಯೋರಿಗೆ ಒಂದು ನೆಲ ಒಣಗ್ಸಕ್ಕಾಗಲ್ವಾ? ಕೋಣೆನ ಬ್ಯಾರನ್ ಮಾಡ್ಬುಡೋಣ ಮೇಸ್ತ್ರಿ."

ಮೇಸ್ತ್ರಿ ನಕ್ಕರು. "ಮಾಡಿ ಗೌಡ್ರೇ. ಟೈಲ್ಸ್ ಬದ್ಲು ಬೀಡಿ ಕಟ್ಟೋಣ."

ಕೊಳವೆ ತರಬೇಕೆಂದರೆ ಗೋಡೆ ಒಡೆಯಬೇಕು. ಅದರ ಬದಲು ಕಬ್ಬಿಣದ ಬಾಂಡ್ಲಿಗಳಲ್ಲಿ ಇದ್ದಿಲು ತುಂಬಿ ಕೋಣೆಯೊಳಗೇ ಇಡುವುದೆಂದಾಯಿತು. ಕಿಟಕಿಗೆ ಪ್ಲಾಸ್ಟಿಕ್, ಅದರ ಮೇಲೆ ಗೋಣಿ. ಬ್ಯಾರನ್ನಿನ ಉಷ್ಣಮಾಪಕವನ್ನೂ ತಂದು ಮೊಳೆಗೆ ತೂಗುಹಾಕಿದರು.

"ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬಾರದಲ್ಲವೇನ್ರೀ?" ಎಂದೆ. ಚಳಿಗೆ ಕೆಂಡ ಇಟ್ಟುಕೊಂಡು ಮಲಗಿ ಏಳದವರ ಸುದ್ದಿ ಓದಿದ ನೆನಪಿತ್ತು.

"ಒಳಗೆ ಯಾರು ಮಲೀಕತಾರೆ? ಸೌದೆ ಆದ್ರೆ ಹೊಗೆ. ಇದು ಇದ್ದಿಲು ಕಣೆ, ಹೊಗೆನೇ ಇಲ್ಲ."

ನಾನು ಇನ್ನೊಂದು ಮಾತು ಹುಡುಕುವಷ್ಟರಲ್ಲಿ ಗೋಣಿಗೆ ಮೊಳೆ ಬಿದ್ದಿತ್ತು.

ಮಧ್ಯಾಹ್ನದ ಹೊತ್ತು. ನಾನು ಮಗಳನ್ನು ಕರೆದುಕೊಂಡು ಅಂಗಳದ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಕೂತಿದ್ದೆ. ಮೇಸ್ತ್ರಿ ನಮಾಜಿಗೆಂದು ಕೈಕಾಲು ತೊಳೆದು ಗದ್ದೆ ಬದುವಿನ ಕಡೆ ಹೋದರು. ಯಜಮಾನರು ಆಗಾಗ ಒಳಗೆ ಹೋಗಿ ಬಾಂಡ್ಲಿಗಳನ್ನು ಸರಿಸಿ ಬರುತ್ತಿದ್ದರು. ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು ಕೇಳಿಸುತ್ತಿತ್ತು. ಉಜ್ಜಿದಾಗಲೆಲ್ಲ, ಅಯ್ಯೋ ನಯ ಮಾಡಿದ ನೆಲಕ್ಕೆ ಗೀರು ಬಿತ್ತು ಎಂದುಕೊಳ್ಳುತ್ತಿದ್ದೆ. ಮಗಳಿಗೆ ಆಡಲು ಹೊಂಗೆಕಾಯಿ ಸುಲಿದುಕೊಡುತ್ತ ಕೂತವಳಿಗೆ, ಸದ್ದು ನಿಂತು ಬಹಳ ಹೊತ್ತಾಯಿತಲ್ಲ ಎನ್ನಿಸಿತು.

"ರೀ," ಎಂದೆ. ಉತ್ತರವಿಲ್ಲ. "ಏನ್ರೀ?"

ಅವರ ಚಪ್ಪಲಿ ಹೊಸಿಲ ಹೊರಗೇ ಇದ್ದವು.

ಮಗಳನ್ನು ಚಾಪೆಯ ಮೇಲೆ ಬಿಟ್ಟು ಓಡಿದೆ. ಬಾಗಿಲಿಗೆ ಇಳಿಬಿಟ್ಟ ಗೋಣಿ ಸರಿಸಿದರೆ ಮುಖಕ್ಕೆ ಬಿಸಿ ಹೊಡೆಯಿತು. ಹೊಗೆ ಒಂದಿಷ್ಟೂ ಇಲ್ಲ. ಎಲ್ಲ ಸ್ವಚ್ಛವಾಗಿ ಕಾಣುತ್ತಿತ್ತು, ಅದನ್ನು ಕಂಡೇ ಭಯವಾಯಿತು. ಗೋಡೆಗಳ ಮೇಲೆ ನೀರು ಸಾಲುಸಾಲಾಗಿ ಇಳಿಯುತ್ತಿತ್ತು. ಉಷ್ಣಮಾಪಕದ ಕೆಳಗೆ, ಗೋಡೆಗೆ ಒರಗಿ ಅವರು ಕೂತಿದ್ದರು. ನನ್ನನ್ನು ನೋಡಿ ನಕ್ಕರು. ಆ ನಗು ಅವರದಾಗಿರಲಿಲ್ಲ.

"ವಸಿ ತಲೆ ಭಾರ ಕಣೆ... ಬತ್ತೀನಿ ನಡಿ..."

ಏಳಲಿಲ್ಲ. ತೋಳು ಹಿಡಿದು ಎಳೆದೆ. ತೋಳು ಎಳೆದಷ್ಟು ಬಂತು, ಅವರು ಬರಲಿಲ್ಲ. ಕಾಲು ಬಟ್ಟೆಯ ಹಾಗಿತ್ತು. ನನ್ನ ತಲೆಯಲ್ಲೂ ಏನೋ ದಿಮ್ಮೆಂದಿತು. ಹೊರಗೆ ಬಂದು "ಮೇಸ್ತ್ರೀ!" ಎಂದು ಕೂಗಿದೆ. ಮೆಲ್ಲಗೆ ಮಾತಾಡಿ ಅಭ್ಯಾಸವಾದವಳು ನಾನು. ಆ ಕೂಗು ನನ್ನ ಗಂಟಲಿನಿಂದ ಬಂದದ್ದೆಂದು ನನಗೇ ತಿಳಿಯಲು ಒಂದು ಕ್ಷಣ ಬೇಕಾಯಿತು. ಮೇಸ್ತ್ರಿ ಬರಿಗಾಲಲ್ಲೇ ಓಡಿಬಂದರು. ಉಸಿರು ಕಟ್ಟಿಕೊಂಡು ಒಳಗೆ ನುಗ್ಗಿ, ಕಂಕುಳಿಗೆ ಕೈ ಹಾಕಿ ಎಳೆದರು, ನಾನು ಕಾಲು ಹಿಡಿದೆ. ಹೊಸಿಲು ದಾಟಿದ್ದೇ "ಯಾ ಅಲ್ಲಾ, ಯಾ ಅಲ್ಲಾ" ಎನ್ನತೊಡಗಿದರು. ಅಂಗಳದ ಗಾಳಿಗೆ ಮಲಗಿಸಿದಾಗ ಯಜಮಾನರು ವಾಂತಿ ಮಾಡಿಕೊಂಡರು. ಆ ಸದ್ದು ಕೇಳಿ ನನಗೆ ಜೀವ ಬಂತು.

ತಿರುಗಿ ನೋಡಿದರೆ ಚಾಪೆಯ ಮೇಲೆ ಮಗಳಿಲ್ಲ. ಅವಳು ಹರಡಿದ ಜಲ್ಲಿಯ ಮೇಲೆಯೇ ಕೈಯೂರಿಕೊಂಡು ಹೊಸಿಲವರೆಗೂ ಬಂದಿದ್ದಳು. ಅಂಗೈ ಎರಡೂ ತರಚಿ ರಕ್ತ ಜಿನುಗುತ್ತಿತ್ತು. ಅಳುತ್ತಿರಲಿಲ್ಲ. "ಅಪ್ಪಂಗೇನಾಯ್ತು?" ಎಂದಳು. ಎತ್ತಿಕೊಂಡವಳು ಹುಣಸೂರಿನ ಆಸ್ಪತ್ರೆ ಸೇರುವವರೆಗೂ ಅವಳನ್ನು ಇಳಿಸಲಿಲ್ಲ. ಯಜಮಾನರ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು, "ಕೆಂಡದ ವಿಷಗಾಳಿ ಇದು, ಇನ್ನೂ ಸ್ವಲ್ಪ ತಡವಾಗಿದ್ದರೆ?"

ಅವರು ಮನೆಗೆ ಬಂದ ಮೇಲೆ, ಒಂದು ಬೆಳಗ್ಗೆ ನಾನೊಬ್ಬಳೇ ಹೊಸ ಮನೆಗೆ ಹೋಗಿ ಗೋಣಿ, ಪ್ಲಾಸ್ಟಿಕ್ ಎಲ್ಲ ಕಿತ್ತು ಕಿಟಕಿ ತೆರೆದೆ. ಬಾಂಡ್ಲಿ ಇಟ್ಟಿದ್ದ ಕಡೆಯಲ್ಲೆಲ್ಲ ಹೊಸ ಬಿರುಕುಗಳು, ಒಡೆದ ಹಪ್ಪಳದ ಹಾಗೆ. ಮತ್ತೆ ಹಾಳೆ ಅಂಟಿಸಿದೆ. ಮರುದಿನ ಮತ್ತದೇ ಹನಿ. ಒಬ್ಬ ಮನುಷ್ಯನನ್ನು ಕೊಲ್ಲಬಹುದಾಗಿದ್ದ ಕೆಂಡ ಆ ನೆಲದ ತೇವವನ್ನು ಅಲ್ಲಾಡಿಸಿರಲಿಲ್ಲ. ಅಲ್ಲಿಂದಲೇ ಇಂಜಿನಿಯರ್‌ಗೆ ಫೋನ್ ಮಾಡಿದೆ.

ಇಂಜಿನಿಯರ್ ಈ ಸಲ ತಾವೇ ಬಂದರು. ನೆಲವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಹಿಂದಿನ ಗದ್ದೆಯನ್ನು ನೋಡಿದರು. ಗೋಡೆಯ ಹೊರಗೆ ಒಂದು ಗುಂಡಿ ತೆಗೆಸಿದರು. ಮೇಸ್ತ್ರಿಯ ಸನಿಕೆ ಮೊಣಕಾಲುದ್ದ ಇಳಿಯುವ ಮೊದಲೇ ತಳದಲ್ಲಿ ನೀರು ಜಿನುಗಿತು. ನಾವು ನಿಂತು ನೋಡುತ್ತಿದ್ದಂತೆ ಮೇಲೇರಿತು.

"ನೀವು ಕುಡಿಸಿದ ನೀರಲ್ಲ ಇದು," ಎಂದರು. "ನಾಲೆಗೆ ನೀರು ಬಿಟ್ಟು ಅದು ಗದ್ದೆಯಲ್ಲಿ ನಿಂತಿರೋವರೆಗೆ ಈ ಕಡೆ ನೆಲ ಕೆಳಗಿನಿಂದ ಹೀರ್ತಾನೇ ಇರುತ್ತೆ. ಈ ಗೋಡೆಯುದ್ದಕ್ಕೂ ಕಾಲುವೆ ತೋಡಿ ಜಲ್ಲಿ ತುಂಬಿ ನೀರನ್ನು ತಗ್ಗಿಗೆ ಹರಿಸಿ. ನಾಲೆ ನಿಲ್ಲಲಿ, ಕೊಯ್ಲಾಗಲಿ. ಆಮೇಲೆ ಗಾಳಿಗೆ ಒಣಗಿಸಿ. ಬೇಡ ಅಂದರೆ ಈಗಲೂ ಹಲಗೆ ಮುಚ್ಚಬಹುದು. ಮುಹೂರ್ತದ ದಿನ ಯಾರಿಗೂ ಏನೂ ಕಾಣಲ್ಲ."

ಯಾರಿಗೂ ಏನೂ ಕಾಣಲ್ಲ ಎಂಬುದೇ ನನ್ನನ್ನು ಹೆದರಿಸಿತು.

ಅಂದು ಸಂಜೆ ಹಳೆಯ ಮನೆಯ ನಡುಮನೆಯಲ್ಲಿ ಮಾತಾಯಿತು. ಯಜಮಾನರು ಕಂಬಳಿ ಹೊದ್ದು ಕೂತಿದ್ದರು. ಅತ್ತೆ ಮುಹೂರ್ತದ ಮಾತೆತ್ತುತ್ತಾರೆಂದು ನಾನು ಉತ್ತರ ಜೋಡಿಸಿಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

"ಕಾಯಾದಾದ್ರೆ ಕಾಯವ್ವ. ನೆಂಟ್ರಿಗೆ ನಾನೇ ಯೋಳ್ತೀನಿ. ಆದ್ರೆ ಕೂಸು? ಈ ಮಾಗೀನೂ ಅದು ಈ ನೆಲ್ದ ಮ್ಯಾಲೇ ಕಳೀಬೇಕಾ? ಓದ್ ಮಾಗೀಲಿ ಕಾಲು ಸೌದೆ ಆಗಿದ್ದು ಮರ್ತ್ಯಾ?"

ಮರೆತಿರಲಿಲ್ಲ. ಎರಡೂ ಕಡೆ ಭಯವೇ ಇತ್ತು. ಕಾದರೆ ಒಂದು ಮಾಗಿ. ಮುಚ್ಚಿದರೆ ಬದುಕಿಡೀ ಅಡಿಯಲ್ಲಿ ತೇವ, ಬೂಸ್ಟು, ಮೇಲೆ ನನ್ನ ಮಗಳು. ಯಜಮಾನರು ನನ್ನ ಕಡೆ ನೋಡಿದರು. "ನೀನೇ ಯೋಳು. ನಾನ್ ಯೋಳಿದ್ದು ಸಾಕಾಯ್ತು ಕಣೆ."

"ಈಗ ಮುಚ್ಚುವುದು ಬೇಡ," ಎಂದೆ. ಮಗಳು ಅತ್ತೆಯ ಪಕ್ಕ, ಬ್ಯಾಂಡೇಜು ಸುತ್ತಿದ ಕೈಯಲ್ಲಿ ಹುರಿಗಡಲೆ ಹೆಕ್ಕುತ್ತಿದ್ದಳು.

ಆ ಮಾಗಿಯನ್ನು ನೆನೆಸಿಕೊಳ್ಳಲು ಈಗಲೂ ಮನಸ್ಸಿಲ್ಲ. ಹುಲ್ಲಿನ ಹಾಸಿಗೆ, ಅದರ ಮೇಲೆ ಗೋಣಿ, ಅದರ ಮೇಲೆ ಕಂಬಳಿ ಹಾಸಿದೆವು. ಅವಳು ಅದರ ಮೇಲೆ ಎಲ್ಲಿ ಕೂರುತ್ತಾಳೆ? ಹೊರಗೆ ಗುಬ್ಬಿ ಕೂಗಿದರೆ ಸಾಕು, ತಣ್ಣನೆ ನೆಲದಲ್ಲಿ ಜರುಗಿಕೊಂಡು ಬಾಗಿಲಿಗೆ ಹೋಗಿಬಿಡುತ್ತಿದ್ದಳು. ಬೆಳಗ್ಗೆ ಬಿಸಿ ಎಣ್ಣೆ ಹಚ್ಚಿ ನೀವುವಾಗ ಹಿಮ್ಮಡಿ ಕೆಳಗೆ ಬಾಗದೆ ಹಟ ಹಿಡಿದರೆ, ನಾನು ಆಡಿದ ಒಂದು ಮಾತು ಇಷ್ಟು ಮಾಡಿತೇ ಎನ್ನಿಸುತ್ತಿತ್ತು. ಮಗಳು ನೋವೆಂದು ಹೇಳುವ ಬದಲು ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತಾಳೆ. ದಿನವೂ ಆ ತುಟಿಯನ್ನೇ ನೋಡುತ್ತಿದ್ದೆ.

ಅತ್ತ ಗೋಡೆಯ ಹಿಂದೆ ಕಾಲುವೆ ಸಿದ್ಧವಾಯಿತು. ನಾಲೆ ನಿಂತಿತು. ಕೊಯ್ಲಾಗಿ ಗದ್ದೆಯ ಕೆಸರು ಬಿರುಕುಬಿಟ್ಟಿತು. ಕಿಟಕಿ ಬಾಗಿಲೆಲ್ಲ ತೆರೆದು, ಎರಡು ಫ್ಯಾನು ಹಚ್ಚಿ, ಗಾಳಿಗೆ ಬಿಟ್ಟೆವು. ಕೆಂಡದ ಬಿಸಿಗೆ ಎದ್ದ ಬಿರುಕುಗಳನ್ನು ಮೇಸ್ತ್ರಿ ಒಂದೊಂದಾಗಿ ಬಾಯಿ ಅಗಲಿಸಿ, ಧೂಳು ಊದಿ, ಗಟ್ಟಿ ಅಂಟು ತುಂಬಿ, ಮತ್ತೆ ಸವೆಸಿದರು. ಈ ಸಲ ಅವರು ತಮಾಷೆ ಮಾಡಲಿಲ್ಲ. ನಾನು ಟಾರ್ಚು ಹಿಡಿದರೆ ಅವರೂ ಪಕ್ಕದಲ್ಲಿ ಮಂಡಿಯೂರುತ್ತಿದ್ದರು.

ಹಾಳೆ ಅಂಟಿಸಿದೆವು. ಹನಿ ಕಡಿಮೆಯಾಗಿತ್ತು. ಕಾದೆವು. ಮತ್ತೆ ಅಂಟಿಸಿದೆವು. ಸಂಕ್ರಾಂತಿ ಕಳೆದ ಮೇಲೆ ಒಮ್ಮೆ ಸುಲಿದಾಗ ಹಾಳೆ ಗರಗರ ಎಂದಿತು, ಒಳಮೈ ಒಣಗಿತ್ತು. ನಂಬದೆ ಗೋಡೆಯ ಬುಡದಲ್ಲಿ, ಮೂಲೆಗಳಲ್ಲಿ ಅಂಟಿಸಿ ನೋಡಿದೆ. ಎಲ್ಲ ಕಡೆ ಒಣಗಿತ್ತು. ಇಂಜಿನಿಯರ್‌ಗೆ ಫೋನ್ ಮಾಡಿದೆ.

"ಮುಂದಿನ ವರ್ಷ ನಾಲೆ ಬಿಟ್ಟಾಗ?"

"ಕಾಲುವೆ ಇದೆ. ದಪ್ಪ ಹಾಳೆಯನ್ನು ಗೋಡೆಗೂ ಮೇಲಕ್ಕೆ ಮಡಚ್ತೀವಿ. ಸಾಕಾಗಬೇಕು."

"ಗ್ಯಾರಂಟಿನಾ?"

"ನೀರಿನ ವಿಷಯದಲ್ಲಿ ಆ ಮಾತು ನಾನು ಹೇಳಲ್ಲ ಮೇಡಂ. ಕಾಲುವೆ ಕಟ್ಟಿಕೊಳ್ಳದ ಹಾಗೆ ನೋಡ್ಕೊಳ್ಳಿ."

ಹಲಗೆಗಳು ಬಂದ ದಿನ ಮೇಸ್ತ್ರಿ ಕೋಣೆಯನ್ನು ಕೊನೆಯ ಸಲ ಗುಡಿಸಿ, ಹಾಳೆಯ ಸುರುಳಿ ಹೆಗಲಿಗಿಟ್ಟುಕೊಂಡು ನಿಂತರು. "ಹಾಕ್ಲಾ ಅಕ್ಕಾ?" ಯಜಮಾನರಿದ್ದರು, ಅತ್ತೆಯಿದ್ದರು, ಅವರು ಕೇಳಿದ್ದು ನನ್ನನ್ನು. ನಾನು ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಆ ಬೂದು ನೆಲವನ್ನು ನೋಡಿದೆ. ಹೊಲಿಗೆ ಹಾಕಿದಂತೆ ಬಿರುಕಿನ ಗೆರೆಗಳು. ಇನ್ನು ಇದನ್ನು ಯಾರೂ ನೋಡುವುದಿಲ್ಲ.

"ಹಾಕಿ," ಎಂದೆ.

ಹಾಳೆ ಹಾಸಿ, ಗೋಡೆಗೆ ಮಡಚಿ, ಸೇರಿಕೆಗಳಿಗೆ ಟೇಪು ಹಾಕಿದರು. ಬಾಗಿಲಿನಿಂದ ಹಲಗೆ ಶುರುವಾಯಿತು. ಒಂದು, ಅದರ ಪಕ್ಕ ಇನ್ನೊಂದು. ಮೇಸ್ತ್ರಿ ಮೇಲೆ ನಿಂತು ತೂಗಾಡಿ ನೋಡಿದರು. ಅಲ್ಲಾಡಲಿಲ್ಲ, ಸದ್ದಿಲ್ಲ.

"ಅಮ್ಮಾ, ಇಳ್ಸು."

ಆ ಮನೆಯ ನೆಲಕ್ಕೆ ನಾನು ಅವಳನ್ನು ಒಂದು ದಿನವೂ ಇಳಿಸಿರಲಿಲ್ಲ. ನನ್ನ ಕಣ್ಣು ಕಿಟಕಿಯಾಚೆ ಒಣಗಿದ ಗದ್ದೆಯ ಮೇಲಿತ್ತು. ಮಳೆಗಾಲಕ್ಕೆ ಅಲ್ಲಿ ಮತ್ತೆ ನೀರು ನಿಲ್ಲುತ್ತದೆ.

"ಇಳ್ಸಮ್ಮಾ!"

ಇಳಿಸಿದೆ. ಅವಳು ಎರಡೂ ಅಂಗೈಯನ್ನು ಹಲಗೆಗೆ ಒತ್ತಿ, ತಲೆ ವಾಲಿಸಿ ಏನನ್ನೋ ಯೋಚಿಸಿದಳು. ಒಮ್ಮೆ ಜರುಗಿದಳು. ಮತ್ತೊಮ್ಮೆ. ನನ್ನ ಕೈ ಅವಳ ಬೆನ್ನ ಹಿಂದೆ ಗಾಳಿಯಲ್ಲೇ ಇತ್ತು. ಅವಳು ಅದರಿಂದ ದೂರ ಹೋಗಿ, ಹಾಸಿದ ಕೊನೆಯ ಹಲಗೆಯ ಅಂಚಿನಲ್ಲಿ ಕೂತಳು. ಮುಂದೆ ಬರೀ ಪ್ಲಾಸ್ಟಿಕ್ ಹಾಳೆ.

"ಮಾಮಾ, ಇನ್ನೊಂದ್ ಹಾಕಿ," ಎಂದಳು ಮೇಸ್ತ್ರಿಗೆ. "ನಾನು ಕಿಟ್ಕಿಗಂಟ ಓಗ್ಬೇಕು."

ಮೇಸ್ತ್ರಿ ಮುಂದಿನ ಹಲಗೆ ಎತ್ತಿಕೊಂಡರು.